ಬಗ್ಗದ ಹೆಬ್ಬೆರಳು

ಕ್ಲಬ್ಬಿನ ಕಾರ್ಯದರ್ಶಿ, ಜನ್ಮದಲ್ಲಿ ಒಮ್ಮೆಯೂ ಆಡದವರು, ತೀರಿಕೊಂಡ ಗೆಳೆಯನ ಬಲಗೈಗೆ ಟೇಬಲ್ ಟೆನಿಸ್ ಬ್ಯಾಟು ಹಿಡಿಸಲು ಹೆಣಗುತ್ತಿದ್ದರು. ಹೆಬ್ಬೆರಳು ಸೆಟೆದು ನಿಂತಿತ್ತು. ಬ್ಯಾಟು ಮತ್ತೆ ಮತ್ತೆ ಎದೆಯ ಮೇಲೆ ಜಾರುತ್ತಿತ್ತು.

"ಬದುಕಿದ್ದಾಗ್ಲೇ ಯಾರ ಮಾತೂ ಕೇಳ್ಲಿಲ್ಲ, ಈಗ ಕೇಳ್ತಾನಾ?" ಅಂದರು, ಮೂಗು ಒರೆಸಿಕೊಳ್ಳುತ್ತಾ.

ಬಾಗಿಲ ಬಳಿ ಕುರ್ಚಿಯ ಅಂಚಿನಲ್ಲಿ ಕೂತಿದ್ದ, ತೀರಿಕೊಂಡವನ ಅಕ್ಕ ಮುಖ ತಿರುಗಿಸಿದಳು. ತಮ್ಮನ ಮನೆಯ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು.

*

ಆಗ ಅವಳಿಗೆ ಹನ್ನೆರಡು, ಅವನಿಗೆ ಎಂಟು. ಒಂದು ಪೆನ್ಸಿಲ್ಲಿಗಾಗಿ ಜಗಳ. ಸಿಟ್ಟಿನಲ್ಲಿ ಅವಳು ಬಾಗಿಲನ್ನು ದಢಾರನೆ ಹಾಕಿದಳು. ಸಂದಿಯಲ್ಲಿ ಅವನ ಬೆರಳಿತ್ತು. ಊದಿ ಸಮಾಧಾನ ಮಾಡುವುದು ಬಿಟ್ಟು, ಹೆದರಿ ಮಂಚದ ಕೆಳಗೆ ಅಡಗಿದಳು. ಅಪ್ಪ ಕೇಳಿದಾಗ ಅವನು ಬಿಕ್ಕುತ್ತಲೇ ಹೇಳಿದ: "ಗಾಳಿಗೆ ಬಾಗ್ಲು ಬಡೀತು."

ಹೆಬ್ಬೆರಳು ಮತ್ತೆ ಬಗ್ಗಲಿಲ್ಲ. ಮುಂದೆ ಟೇಬಲ್ ಟೆನಿಸ್ ಕಲಿಯುವಾಗ ಎಲ್ಲರಂತೆ ಬ್ಯಾಟು ಹಿಡಿಯಲಾಗದೆ, ಅದರ ಹಿಡಿಯನ್ನು ತೋರುಬೆರಳು ನಡುಬೆರಳುಗಳ ಮಧ್ಯೆ ಸಿಕ್ಕಿಸಿಕೊಂಡು ಆಡಿದ. ಜನ ಬಿದ್ದು ಬಿದ್ದು ನಕ್ಕರು. ಅವನ ಸರ್ವ್ ಎದುರಾಳಿಯ ಮುಂದೆ ಪುಟಿದು ನೆಟ್ಟಿನ ಕಡೆಗೇ ವಾಪಸು ಓಡತೊಡಗಿದ ಮೇಲೆ ನಗು ನಿಂತಿತು. ಕೆಲವೇ ವರ್ಷಗಳಲ್ಲಿ, ಹೆಬ್ಬೆರಳು ಚೆನ್ನಾಗಿಯೇ ಇದ್ದವರೂ ಅದನ್ನು ಹೊರಗೆ ಚಾಚಿ ಅವನಂತೆಯೇ ಬ್ಯಾಟು ಹಿಡಿದರು.

ಹನ್ನೊಂದು ವರ್ಷದ ಹಿಂದೆ ಅವನಿಗೊಂದು ಸನ್ಮಾನ. ಈ ಹಿಡಿತ ಕಲಿಸಿದವರು ಯಾರು ಎಂದು ಯಾರೋ ಕೇಳಿದರು. ಮೈಕಿನಲ್ಲಿ ನಗುತ್ತಾ ಅಂದ: "ನಮ್ಮಕ್ಕ."

ಸಭೆ ಚಪ್ಪಾಳೆ ತಟ್ಟಿತು. ಅವಳಿಗೆ ಕಪಾಳಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡು ಈಗ ನಾಲ್ಕು ಜನರ ಮುಂದೆ ಚುಚ್ಚಿದ ಎಂದುಕೊಂಡು ಎದ್ದು ಹೋದಳು. ಆಮೇಲೆ ಅವನ ಫೋನು ಎತ್ತಲೇ ಇಲ್ಲ.

*

"ನೀವು ಸರ್ ಅವರ ಅಕ್ಕ ಅಲ್ವಾ?" ಆಗಷ್ಟೇ ಬಂದ ಅವನ ಹಳೆಯ ಶಿಷ್ಯೆ ಪಕ್ಕದಲ್ಲಿ ಕೂತಳು. "ಹೊಸಬರು ಬಂದ್ರೆ ಮೊದ್ಲು ನಿಮ್ಮ ಮಾತೇ. 'ಈ ಹಿಡಿತ ನಮ್ಮಕ್ಕ ಕೊಟ್ಟಿದ್ದು, ಇಲ್ದಿದ್ರೆ ನಾನೂ ಎಲ್ಲರ ಥರ ಆಡಿ ಎಲ್ಲರ ಥರ ಸೋಲ್ತಿದ್ದೆ' ಅನ್ನೋರು. ಪ್ರತಿ ಪಂದ್ಯಕ್ಕೂ ಮುಂದಿನ ಸಾಲಲ್ಲಿ ನಿಮಗೊಂದು ಕುರ್ಚಿ ಇಡಿಸ್ತಿದ್ರು."

ಅಕ್ಕ ಅವಳತ್ತ ತಿರುಗಿದಳು. "ಬೆರಳಿಗೆ ಏನಾಯ್ತು ಅಂತ ಹೇಳಿದ್ನಾ?"

"ಹ್ಞೂಂ. ಗಾಳಿಗೆ ಬಾಗ್ಲು ಬಡೀತಂತೆ."

ಒಂದು ಸಲವಾದರೂ ಫೋನು ಎತ್ತಬಹುದಿತ್ತು. ಒಂದೇ ಸಲ.

ಕಾರ್ಯದರ್ಶಿ ಬ್ಯಾಟನ್ನು ಕಟ್ಟಲು ದಾರ ಹುಡುಕುತ್ತಿದ್ದರು. ಅಕ್ಕ ಎದ್ದು ಬಂದು, "ಹಾಗಲ್ಲ" ಅಂದಳು. ತಣ್ಣಗಿದ್ದ ಎರಡು ಬೆರಳುಗಳನ್ನು ಮೆಲ್ಲನೆ ಬಿಡಿಸಿ, ನಡುವೆ ಹಿಡಿಯನ್ನು ಸಿಕ್ಕಿಸಿದಳು. ಬ್ಯಾಟು ನಿಂತಿತು.

ಹೊರಗೆ ವಾಹನ ಬಂದ ಸದ್ದಾಯಿತು. ಅಕ್ಕ ಬಗ್ಗಿ, ಆ ಹೆಬ್ಬೆರಳನ್ನು ತುಟಿಯ ಹತ್ತಿರ ಹಿಡಿದು, ಉಫ್ ಉಫ್ ಎಂದು ಊದತೊಡಗಿದಳು.