ಖಾಲಿ ಗುಳಿಯ ಬೆಳಕು

"ನೋಡ್ರಿ, ಒಂದೂ ಬಿಟ್ಟಿಲ್ಲ! ಎಲ್ಲಾ ಹೊಳ್ಯಾಕತ್ತಾವ!"

ಶಾಂತಯ್ಯ ಸರ್ ಗೋಡೆಯ ಟಿವಿಯತ್ತ ಕೈ ಚಾಚಿದ್ದೇ ತಡ, ಪ್ರಯೋಗಾಲಯ ನೋಡಲು ಬಂದ ಅತಿಥಿಗಳೆಲ್ಲ ಚಪ್ಪಾಳೆ ತಟ್ಟಿದರು. ಸೂಕ್ಷ್ಮದರ್ಶಕದಡಿ ಇಟ್ಟಿದ್ದ ಚಿಪ್ ಟಿವಿಯಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಸಾಲುಸಾಲು ಗುಳಿಗಳು, ಗುಳಿಗುಳಿಯಲ್ಲೂ ಹಸಿರು ಬೆಳಕು. ಪೂಜೆಯ ತಟ್ಟೆಯನ್ನು ಮೇಜಿನ ಮೇಲಿಟ್ಟು ತಲೆ ಎತ್ತಿದ ದಾಕ್ಷಾಯಿಣಿಯ ಕೈ ಮಾತ್ರ ಚಪ್ಪಾಳೆಗೆ ಏಳಲಿಲ್ಲ.

ಆ ಚಿಪ್ ಅವಳ ಕೈಕೆಲಸ. ಉಗುರಗಲದ ಮೆತ್ತನೆಯ ರಬ್ಬರಿನ ತುಂಡಿನಲ್ಲಿ ಕಣ್ಣಿಗೆ ಕಾಣದಂಥ ಸಾವಿರಾರು ಗುಳಿಗಳು. ಪಡ್ಡಿನ ಹಂಚು ಇದ್ದ ಹಾಗೆ ಎಂದು ಮನೆಯಲ್ಲಿ ಅವ್ವನಿಗೆ ತಿಳಿಸಿ ಹೇಳಿದ್ದಳು. ಒಂದು ಗುಳಿಗೆ ಒಂದೇ ರಕ್ತಕಣ ಇಳಿಯಬೇಕು. ಆ ಕಣ ಬಾವು ತರಿಸುವ ಪ್ರೋಟೀನನ್ನು ಒಸರಿದರೆ ತಳದ ಗಾಜು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀಲಿ ಬೆಳಕು ಬಿಟ್ಟಾಗ ಗುಳಿ ಹಸಿರಾಗಿ ಹೊಳೆಯುತ್ತದೆ. ಒಸರದಿದ್ದರೆ ಕತ್ತಲೆ. ಎಷ್ಟೋ ಗುಳಿಗಳಿಗೆ ಕಣವೇ ಇಳಿದಿರುವುದಿಲ್ಲ. ಅವಂತೂ ಕತ್ತಲಾಗಿಯೇ ಇರಬೇಕು.

ಇವತ್ತು ಅವೂ ಹೊಳೆಯುತ್ತಿದ್ದವು. ಒಳಗೆ ಯಾರೂ ಇಲ್ಲದ ಮನೆಯಲ್ಲಿ ದೀಪ ಹಚ್ಚಿದವರಾರು?

ಯಾರೆಂದು ದಾಕ್ಷಾಯಿಣಿಗೆ ಗೊತ್ತಿತ್ತು. ಇವತ್ತು ಖಂಡೇಪೂಜೆ. ಸರ್ ತಾವೇ ಮುಂದೆ ನಿಂತು ಯಂತ್ರಗಳಿಗೆಲ್ಲ ಅರಿಶಿನ ಕುಂಕುಮ ಹಚ್ಚಿದರು. ಅತಿಥಿಗಳು ಬಂದೊಡನೆ ಫೋಟೋಕ್ಕೆಂದು ಅದೇ ಬೆರಳುಗಳಲ್ಲಿ ಚಿಪ್ ಎತ್ತಿ ಹಿಡಿದರು. ಹಳದಿ ಕಲೆ ಕಂಡಿತೆಂದು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಒರೆಸಿಯೂ ಬಿಟ್ಟರು. ಅರಿಶಿನ ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಕರಗಿ ಗುಳಿಗಳಿಗೆಲ್ಲ ಇಳಿದಿತ್ತು. ಅರಿಶಿನ ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುತ್ತದೆ ಎಂದು ಅವಳಿಗೆ ಪಾಠ ಹೇಳಿಕೊಟ್ಟವರೂ ಇದೇ ಶಾಂತಯ್ಯ ಸರ್.

ಅವಳು ಮೆಲ್ಲಗೆ ಅವರ ಬಳಿ ಸರಿದಳು. "ಸರ್, ಖಾಲಿ ಗುಳಿನೂ ಹೊಳ್ಯಾಕತ್ತಾವ್ರಿ. ಅದು ಅರಿಶಿಣ ಐತ್ರಿ."

"ಗೊತ್ತೈತಿ," ಎಂದರು ಸರ್, ಮುಖದ ನಗು ಕದಲಿಸದೆ. "ಮಂದಿ ಮುಂದ ಬಾಯಿ ಬಿಡಬ್ಯಾಡ. ನಾಳಿ ಇನ್ನೊಂದು ಮಾಡೂಣು."

ಅಷ್ಟಕ್ಕೇ ಮುಗಿದಿದ್ದರೆ ಅವಳು ನುಂಗಿಕೊಂಡು ಸುಮ್ಮನಿರುತ್ತಿದ್ದಳೋ ಏನೋ. ಆದರೆ ಅತಿಥಿಗಳ ನಡುವೆ ದವಾಖಾನೆಯ ಡಾಕ್ಟರೂ ಇದ್ದರು. ಚಿಪ್‌ನಲ್ಲಿದ್ದ ರಕ್ತ ಅವರ ಪೇಶಂಟಿನದು. ಹೆಬ್ಬಳ್ಳಿಯ ಮದೀನಾಬಿ, ಕೀಲುಬಾವಿನಿಂದ ಕೈ ಬೆರಳೆಲ್ಲ ಸೊಟ್ಟಗಾದ ಹೆಂಗಸು. ಬಾವು ಇಳಿಸಲು ಕೊಡುತ್ತಿದ್ದ ಇಂಜೆಕ್ಷನ್ ನಾಟುತ್ತಿದೆಯೋ ಇಲ್ಲವೋ ಎಂದು ತಿಳಿಯಲೆಂದೇ ಈ ಪರೀಕ್ಷೆ. ಫಲಿತಾಂಶ ಕೇಳಲು ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದಳು.

"ಹಂಗಾದ್ರ ಮದೀನಾಬಿಗೆ ಈ ಇಂಜೆಕ್ಷನ್ ಸಾಲವಲ್ದು ಅಂದಂಗಾತು," ಎಂದು ಡಾಕ್ಟರ್ ಪೆನ್ನು ತೆಗೆದರು. "ಇವತ್ತ ಡೋಸ್ ಏರಸ್ತೇನಿ."

ಮದೀನಾಬಿಗೆ ಹಿಂದೊಮ್ಮೆ ಕ್ಷಯ ಬಂದು ವಾಸಿಯಾಗಿತ್ತು. ಆ ಇಂಜೆಕ್ಷನ್ ಬಾವನ್ನು ಇಳಿಸುವುದರ ಜೊತೆಗೆ ಮೈಯ ಕಾವಲನ್ನೂ ಇಳಿಸುತ್ತದೆ. ಹೆಚ್ಚಾದರೆ ಕ್ಷಯ ಮತ್ತೆ ಹೆಡೆ ಎತ್ತೀತು. ಸರ್ ಮುಖವನ್ನು ದಾಕ್ಷಾಯಿಣಿ ನೋಡಿದಳು. ಈಗಲಾದರೂ ಹೇಳುತ್ತಾರೆ ಎಂದುಕೊಂಡಳು.

"ಹೂಂ... ಅದು ನಿಮಗ ಬಿಟ್ಟಿದ್ದು," ಎಂದರು ಶಾಂತಯ್ಯ ಸರ್.

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅರಿಶಿನದ ಮೇಲೆ ಅವಳಿಗೆ ಸಿಟ್ಟಿರಲಿಲ್ಲ, ಪೂಜೆಗೆ ಹೂವು ಕಟ್ಟಿದವಳೇ ಅವಳು. ಕೈ ತಪ್ಪಿದ್ದರ ಮೇಲೂ ಇರಲಿಲ್ಲ, ಯಾರ ಕೈಯಾದರೂ ತಪ್ಪುತ್ತದೆ. ಆದರೆ ಇದು ಎಂಥ ಮನುಷ್ಯನ ಬಾಯಿ! ಚಪ್ಪಾಳೆಗೆ ಅಷ್ಟಗಲ ತೆರೆಯುವುದು ಒಬ್ಬ ಬಡ ಹೆಂಗಸಿನ ಜೀವಕ್ಕೆ ತೆರೆಯುವುದಿಲ್ಲವೇ? ಅವಳ ಪಿಎಚ್‌ಡಿಗೆ ಸಹಿ ಹಾಕಬೇಕಾದವರೂ ಅವರೇ. ಹಾಕದಿದ್ದರೆ ಹಾಳಾಗಿ ಹೋಗಲಿ.

ಅವಳು ಡಬ್ಬಿಯಿಂದ ಹೊಸ ಗಾಜೊಂದನ್ನು ತೆಗೆದಳು. ಪೂಜೆಯ ತಟ್ಟೆಯಿಂದ ಚಿಟಿಕೆ ಅರಿಶಿನ ಎತ್ತಿ, ಸ್ಪಿರಿಟ್ ಹನಿಸಿ, ಎಲ್ಲರ ಕಣ್ಣೆದುರೇ ಬೆರಳಿನಿಂದ ತಿಕ್ಕಿದಳು. ಚಿಪ್ ತೆಗೆದು ಆ ಗಾಜನ್ನು ಸೂಕ್ಷ್ಮದರ್ಶಕದಡಿ ಇಟ್ಟಳು. ಟಿವಿ ಹಸಿರಾಯಿತು. ಹಿಂದೆ ಮೊಬೈಲಿನಲ್ಲಿ ಮುಳುಗಿದ್ದ ಒಬ್ಬರು ತಲೆ ಎತ್ತಿ ಚಪ್ಪಾಳೆ ಶುರುಮಾಡಿದರು. ಬೇರೆ ಯಾರೂ ತಟ್ಟದ್ದನ್ನು ಕಂಡು ನಿಲ್ಲಿಸಿದರು.

"ಇದರಾಗ ಯಾರ ರಕ್ತಾನೂ ಇಲ್ರಿ," ಎಂದಳು ದಾಕ್ಷಾಯಿಣಿ. "ಬರೇ ಅರಿಶಿಣ ಐತಿ. ಆಗ ನೀವು ನೋಡಿದ್ದೂ ಇದನ್ನ. ಇದನ್ನ ನಂಬಿ ಡೋಸ್ ಏರಸಬ್ಯಾಡ್ರಿ ಡಾಕ್ಟರ್."

"ದಾಕ್ಷಾಯಿಣೀ! ಹೊರಗ ನಡಿ!"

"ಹೊಂಟೇನ್ರಿ ಸರ್. ಹೊರಗ ಕುಂತಾಕಿಗೂ ಯಾರರ ಹೇಳಬೇಕಲ್ರಿ."

ಶಾಂತಯ್ಯ ಸರ್ ಮುಖವನ್ನೇ ನೋಡುತ್ತ ಡಾಕ್ಟರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದರು.

ಹೊರಗೆ ಮದೀನಾಬಿ ಎದ್ದು ನಿಂತಿದ್ದಳು. "ಒಳಗ ಚಪ್ಪಾಳಿ ಬಡದ್ರಲ್ಲವ್ವಾ, ನನ್ನ ರಕ್ತ ಪಾಸಾತೇನ?"

"ಇಲ್ಲ ಖಾಲಾ. ನಿಮ್ಮ ರಕ್ತ ಕೆಡಿಸಿಬಿಟ್ವಿ. ಅದರಾಗ ಏನಿತ್ತು ಅನ್ನೋದು ತಿಳೀಲಿಲ್ಲ. ಇನ್ನೊಮ್ಮೆ ಕೊಡಬೇಕಾಗತೈತಿ."

"ಕೆಡಿಸಿದ್ರಿ?" ಮದೀನಾಬಿಯ ದನಿ ಏರಿತು. "ನಿನ್ನಿ ನರ ಸಿಗವಲ್ದಂತ ಚುಚ್ಚಿ ಚುಚ್ಚಿ ತಗೊಂಡ್ರಿ. ಅದನ್ನ ಕೆಡಿಸಿ ಚಪ್ಪಾಳಿ ಬಡದ್ರಿ? ಯಾರು ಕೆಡಿಸಿದವರು?"

ಸರ್ ಹೆಸರು ದಾಕ್ಷಾಯಿಣಿಯ ನಾಲಿಗೆಯ ತುದಿಗೆ ಬಂದಿತ್ತು. "ನಾವು," ಎಂದಳು.

ಮದೀನಾಬಿ ಅವಳ ಹಳದಿ ಬೆರಳುಗಳನ್ನೇ ದಿಟ್ಟಿಸಿದಳು.

"ಮೊದಲ ಕೈ ತೊಳ್ಕೊಂಡ ಬಾ."

ದಾಕ್ಷಾಯಿಣಿ ಮೂಲೆಯ ನಲ್ಲಿಗೆ ಹೋಗಿ ಸಾಬೂನು ಹಚ್ಚಿ ತಿಕ್ಕಿದಳು. ಉಗುರಿನ ಸಂದಿಯ ಹಳದಿ ಹೋಗಲೊಲ್ಲದು. ಮತ್ತೆ ಸಾಬೂನು ಹಚ್ಚಿದಳು. ತಿರುಗಿ ನೋಡಿದಾಗ ಮದೀನಾಬಿ ಬೆಂಚಿನ ಮೇಲೆ ಕೂತು, ಕುಪ್ಪಸದ ತೋಳು ಮೇಲೇರಿಸಿ, ನಿನ್ನೆ ಚುಚ್ಚಿ ನೀಲಿಗಟ್ಟಿದ ಕೈಯನ್ನು ಮಡಿಲಲ್ಲಿಟ್ಟು, ಇನ್ನೊಂದನ್ನು ಮುಂದೆ ಚಾಚಿದ್ದಳು. ಮುಖ ಗೋಡೆಯ ಕಡೆಗಿತ್ತು.