ಮೂತ್ರಪಿಂಡದ ಪಾಠದ ನಡುವೆ

ನಮ್ಮ ಓದುಕೋಣೆ ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಗೋಡೆಗೆ ಹಳೆಯ ಕಂಬಳಿ ಹೊಡೆದು, ಕಿಟಕಿಗೆ ಹಲಗೆ ಜಡಿದು, ನಡುವೆ ಒಂದು ಮೈಕು ಇಟ್ಟಿದ್ದೇವೆ. ಕಣ್ಣು ಕಾಣದವರಿಗಾಗಿ ನಾನಲ್ಲಿ ವಿಜ್ಞಾನದ ಪಠ್ಯಗಳನ್ನು ಓದುತ್ತೇನೆ. ಇದನ್ನು ನಡೆಸುವ ಸಂಸ್ಥೆಯ ಅಧ್ಯಕ್ಷರು ನನ್ನ ಅಕ್ಕನ ಗಂಡ. ನಾನು ಓದಿದ್ದನ್ನು ಕಂಪ್ಯೂಟರಿನಲ್ಲಿ ಕತ್ತರಿಸಿ ಸರಿಮಾಡಿ ನೂರ ನಲವತ್ತು ಜನರ ಫೋನಿಗೆ ಕಳಿಸುವವರೂ ಅವರೇ.

ಆ ತಿಂಗಳ ಕೊನೆಯೊಳಗೆ ಬಾಕಿಯಿದ್ದ ಆರು ತಿಂಗಳ ಬಾಡಿಗೆ ಕಟ್ಟದಿದ್ದರೆ ಕೋಣೆ ಬಿಡಬೇಕಿತ್ತು. ನಮಗಿದ್ದ ಮೂವರು ದಾನಿಗಳಿಗೆ ಪತ್ರ ಬರೆದೆ. ಭಾವ ‘ಹಣ ಬೇಕಾಗಿದೆ’ ಎಂಬ ಸಾಲನ್ನು ಹೊಡೆದುಹಾಕಿ, ‘ತಮ್ಮ ಪ್ರೀತಿ ಹೀಗೇ ಇರಲಿ’ ಎಂದು ಬರೆದರು.

“ಪ್ರೀತಿ ಇದ್ದೇ ಇದೆ ಭಾವ. ಬಾಡಿಗೆ ಇಲ್ಲ.”

“ಬಾಯಿಬಿಟ್ಟು ಕೇಳಿದ್ರೆ ಮರ್ಯಾದೆ ಏನು ಉಳಿಯುತ್ತಮ್ಮ? ತಿಳಿದವರು ಅರ್ಥ ಮಾಡ್ಕೋತಾರೆ.”

“ಹೋದ ವರ್ಷವೂ ಹೀಗೇ ಬರೆದ್ವಿ. ಅರ್ಥ ಮಾಡ್ಕೊಂಡು ಶುಭಾಶಯ ಕಳಿಸಿದ್ರು.”

ಸಿಟ್ಟು ನೆತ್ತಿಗೇರಿತ್ತು. ಹಾಗೇ ಒಳಗೆ ಹೋಗಿ ಮೂತ್ರಪಿಂಡದ ಪಾಠ ಓದತೊಡಗಿದೆ. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ತಡೆಯಲಾಗದೆ ಮೈಕಿಗೇ ಹೇಳಿಬಿಟ್ಟೆ: “ಸ್ವಾಮಿ, ನಮ್ಮ ಹತ್ರ ದುಡ್ಡಿಲ್ಲ. ಈ ತಿಂಗಳು ಮುಗಿದ್ರೆ ಬಾಗಿಲು ಹಾಕ್ತೀವಿ. ದುಡ್ಡು ಕೊಡಿ. ಇಷ್ಟು ಬರೆಯೋಕೆ ನಮಗೇನು ರೋಗ?” ಮನಸ್ಸು ಹಗುರವಾಯಿತು. ಪಾಠ ಮುಂದುವರಿಸಿದೆ.

ನಮ್ಮಲ್ಲೊಂದು ರೂಢಿ ಇದೆ. ಓದುವಾಗ ತಪ್ಪಿದರೆ ಮೇಜನ್ನು ಎರಡು ಸಲ ತಟ್ಟಬೇಕು. ಆ ಸದ್ದು ಕಂಪ್ಯೂಟರಿನ ಪರದೆಯ ಮೇಲೆ ಎರಡು ಮೊಳೆಗಳಂತೆ ಎದ್ದು ಕಾಣುತ್ತದೆ. ಭಾವ ಮೊಳೆಗಳಿರುವ ಕಡೆ ಮಾತ್ರ ಕೇಳಿ ಕತ್ತರಿಸುತ್ತಾರೆ. ಉಳಿದದ್ದು ಸರಿಯೆಂದೇ ಲೆಕ್ಕ. ಹದಿನಾರು ವರ್ಷಗಳಲ್ಲಿ ನಾನು ತಟ್ಟಲು ಮರೆತದ್ದು ಅದೊಂದೇ ದಿನ.

ಆ ಪಾಠ ಕಳಿಸಿದ ಮೂರು ದಿನಗಳ ಮೇಲೆ, ಕೋಲು ಹಿಡಿದ ಮಹಿಳೆಯೊಬ್ಬಳು ಮೆಟ್ಟಿಲೇರಿ ಬಂದಳು. ಮೂವತ್ತು ಮೂವತ್ತೈದು ವಯಸ್ಸು, ಕಂಕುಳಲ್ಲಿ ಚೀಲ.

“ಮೂತ್ರಪಿಂಡ ಓದಿದವರು ಯಾರು?”

“ನಾನು,” ಎಂದೆ.

“ಹೌದು, ನೀವೇ ಅಕ್ಕ. ನಿಮ್ಮ ದನಿಯಲ್ಲೇ ಓದಿ ಫಿಸಿಯೋಥೆರಪಿ ಪಾಸಾದೆ. ಈಗ ನನ್ನದೇ ಕ್ಲಿನಿಕ್ ಇದೆ. ಮೇಲಿನ ಪರೀಕ್ಷೆಗೂ ನೀವೇ ಗತಿ.”

ಅವಳು ಫೋನು ತೆಗೆದು ಒತ್ತಿದಳು. ನನ್ನ ದನಿ ಕೋಣೆಯಲ್ಲಿ ಕೇಳಿತು: ಸ್ವಾಮಿ, ನಮ್ಮ ಹತ್ರ ದುಡ್ಡಿಲ್ಲ.

ಭಾವ ಕುರ್ಚಿಯಿಂದ ಅರ್ಧ ಎದ್ದವರು ಹಾಗೇ ನಿಂತರು. ನೂರ ನಲವತ್ತು ಮನೆಗಳಿಗೆ ಹೋಗಿದೆ ಅದು.

“ತಪ್ಪಾಯ್ತಮ್ಮ,” ಎಂದರು ಭಾವ. “ದಯವಿಟ್ಟು ಮನಸ್ಸಿಗೆ ಹಚ್ಕೋಬೇಡಿ. ಅದು ನಿಮಗೆ ಹೇಳಿದ್ದಲ್ಲ.”

“ಅದನ್ನೇ ಕೇಳೋಕೆ ಬಂದೆ. ನನಗಲ್ಲದಿದ್ರೆ ಯಾರಿಗೆ?”

“ದಾನಿಗಳಿಗೆ...”

“ನನಗೆ ಕಣ್ಣಿಲ್ಲ ಸಾರ್. ಸಂಪಾದನೆ ಇದೆ.”

ಭಾವ ಕುಳಿತರು. ನಾನೂ ಕುಳಿತೆ. ವಿಜ್ಞಾನ ಓದಿದವಳು ನಾನು; ಎದುರಿಗಿರುವುದನ್ನು ಇರುವಂತೆ ನೋಡಬೇಕೆಂದು ಬದುಕಿಡೀ ಪಾಠ ಹೇಳಿದವಳು. ನೂರ ನಲವತ್ತು ಹೆಸರುಗಳ ಪಟ್ಟಿಯನ್ನು ವರ್ಷವರ್ಷವೂ ನಾನೇ ತಿದ್ದುತ್ತಿದ್ದೆ. ಅದರಲ್ಲಿ ಶಿಕ್ಷಕರಿದ್ದರು, ವಕೀಲರಿದ್ದರು, ಬ್ಯಾಂಕಿನವರಿದ್ದರು. ಅವರಲ್ಲಿ ಒಬ್ಬರೂ ಕೊಡಬಲ್ಲವರೆಂದು ನನಗೆ ಹೊಳೆದಿರಲಿಲ್ಲ.

“ಬಾಗಿಲು ಹಾಕಿದ ಮೇಲೆ ಹೇಳ್ತಿದ್ರೇನೋ,” ಎಂದಳು ಅವಳು. “ಈಗ ಕೇಳಿ ಸಾರ್. ನನ್ನನ್ನೇ ಕೇಳಿ.”

ಭಾವ ಕುರ್ಚಿ ಹಿಂದಕ್ಕೆ ಸರಿಸಿದರು. “ಕಾಫಿ ತಗೋತೀರಾ?”

“ಆರು ತಿಂಗಳ ಬಾಡಿಗೆ ಬೇಕು,” ಎಂದೆ ನಾನು. “ಎಷ್ಟು ಕೊಡೋಕಾಗುತ್ತೆ?” ಕಿವಿ ಕಾದುಹೋಗಿತ್ತು.

“ಎರಡು ತಿಂಗಳದ್ದು ಕೊಡ್ತೀನಿ. ಉಳಿದವರನ್ನ ಕೇಳಿದ್ರಾ?”

“ಇಲ್ಲ,” ಎಂದೆ. ಅವಳಿಗೆ ಅಷ್ಟೇ ಸಾಕಾಯಿತು. “ಹಾಗಾದ್ರೆ ನಾನಿಲ್ಲೇ ಕೂತಿರ್ತೀನಿ. ಫೋನ್ ಮಾಡಿ.”

ಪಟ್ಟಿಯನ್ನು ಭಾವನ ಮುಂದಿಟ್ಟೆ. ಅವರು ಮೊದಲ ಸಂಖ್ಯೆ ಒತ್ತಿದರು. ನಿವೃತ್ತ ಗಣಿತ ಮೇಷ್ಟ್ರೊಬ್ಬರದು. “ನಮಸ್ಕಾರ, ಆರೋಗ್ಯವೇ? ಮನೆಯಲ್ಲಿ ಎಲ್ಲರೂ...” ಎನ್ನುವಷ್ಟರಲ್ಲಿ ಆ ಕಡೆಯಿಂದ ಮಾತು ಶುರುವಾಯಿತು. ಭಾವ ಸುಮ್ಮನೆ ಕೇಳಿದರು. ಬಹಳ ಹೊತ್ತು ಕೇಳಿದರು. ಆಮೇಲೆ ಫೋನಿಗೆ ಅಂಗೈ ಮುಚ್ಚಿ ನನ್ನತ್ತ ತಿರುಗಿದರು. ಕಣ್ಣು ಒದ್ದೆಯಾಗಿತ್ತು.

“ಬೈತಿದ್ದಾರೆ,” ಎಂದರು. “ನಾವು ಕೇಳ್ತೀವಿ ಅಂತ ಮೂರು ದಿನದಿಂದ ಕಾಯ್ತಿದ್ರಂತೆ.”