ಕರೆಸಿಕೊಂಡವರು

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದವರು ಯಾರು ಎಂದು ದೆಹಲಿಯ ದ್ವಾರಕಾದ ಆ ಹೌಸಿಂಗ್ ಸೊಸೈಟಿಯಲ್ಲಿ ಯಾರನ್ನು ಕೇಳಿದರೂ ಬೆರಳು ಒಂದೇ ಕಡೆ ತಿರುಗುತ್ತಿತ್ತು: ಸೆಕ್ರೆಟರಿ, ನಿವೃತ್ತ ಸುಬೇದಾರ್ ಮೊಣ್ಣಯ್ಯ. ಮೊಣ್ಣಯ್ಯನೂ ಅಲ್ಲಗಳೆಯುತ್ತಿರಲಿಲ್ಲ.

ಆ ಬೇಸಿಗೆಯಲ್ಲಿ ಟ್ಯಾಂಕರಿನವರ ಗ್ಯಾಂಗು ಗೇಟಿಗೆ ಅಡ್ಡ ನಿಂತು, ನಮ್ಮ ನೀರನ್ನೇ ಕೊಳ್ಳಬೇಕು ಎಂದು ವಾಚ್‌ಮನ್‌ನ ತಲೆ ಒಡೆದಿತ್ತು. ಪೊಲೀಸರು ಬಂದು ಚಹಾ ಕುಡಿದು ಹೋದರು. ಆಗ ಮೊಣ್ಣಯ್ಯ ಪಕ್ಕದ ಹಳ್ಳಿಯ ಅಖಾಡಕ್ಕೆ ಹೋಗಿ ಜಗಬೀರ್ ಎಂಬ ಪೈಲ್ವಾನನನ್ನೂ ಅವನ ಹುಡುಗರನ್ನೂ ಕರೆತಂದ. ಒಂದೇ ಮಧ್ಯಾಹ್ನದಲ್ಲಿ ಟ್ಯಾಂಕರಿನ ಗಾಜು ಪುಡಿಯಾಯಿತು, ಡ್ರೈವರನ ಮೊಣಕಾಲು ಒಣಕಟ್ಟಿಗೆಯಂತೆ ಮುರಿಯಿತು, ಗೇಟಿಗೆ ಹೊಡೆಸಿದ್ದ ಹೊಸ ಬಣ್ಣದ ಮೇಲೆ ರಕ್ತ ಸಿಡಿಯಿತು. ಬಾಲ್ಕನಿಯಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಅದನ್ನು ಮಾತ್ರ ಈಗ ಯಾರೂ ನೆನಪಿಸಿಕೊಳ್ಳುವುದಿಲ್ಲ.

ಗ್ಯಾಂಗು ಹೋಯಿತು, ಪೈಲ್ವಾನರು ಹೋಗಲಿಲ್ಲ. ಕಮ್ಯುನಿಟಿ ಹಾಲಿನಲ್ಲಿ ಮಂಚ ಹಾಕಿದರು, ಊರಿಂದ ಇನ್ನಷ್ಟು ಜನರನ್ನು ಕರೆಸಿದರು, ಪಂಪ್‌ಹೌಸಿಗೆ ತಮ್ಮ ಬೀಗ ಜಡಿದರು. ಯಾವ ಮನೆಗೆ ನೀರು, ಯಾವ ಮನೆಗಿಲ್ಲ ಎಂದು ಅವರೇ ಹೇಳತೊಡಗಿದರು. ಕೆಳಮನೆಯ ಬಸಪ್ಪನವರು, ಧಾರವಾಡದ ಕಡೆಯ ನಿವೃತ್ತ ಅಧಿಕಾರಿ, ಕಾನೂನು ಮಾತಾಡಲು ಹೋಗಿ ಎರಡು ಹಲ್ಲು ಕಳೆದುಕೊಂಡು ಬಂದರು.

"ನೀವು ತಂದವರು ಸುಬೇದಾರ್ರೇ, ನೀವೇ ಕಳಿಸಬೇಕು," ಎಂದು ಅವರ ಹೆಂಡತಿ ಶಾಂತಮ್ಮ ಮೆಟ್ಟಿಲ ಮೇಲೆ ನಿಲ್ಲಿಸಿ ಹೇಳಿದರು. ಮೊಣ್ಣಯ್ಯನಿಗೆ ನಾಚಿಕೆಯಿಂದ ಅನ್ನ ಸೇರದಂತಾಯಿತು.

ಮಗಳು ನಿಶಿತಾ ಕಾಲೇಜೊಂದರಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದಳು. ಮಾರನೆಯ ದಿನದ ಪಾಠ ಓದುತ್ತಿದ್ದವಳು ಕಹಿಯಾಗಿ ನಕ್ಕಳು. "ಅಪ್ಪಾ, ಕೇಳಿ. ಯೇ ತೋ ಹಮಾರೀ ಸೊಸೈಟಿ ಹೈ, ನಮ್ಮದೇ ಕಥೆ. ರೋಮಿನ ಸೈನ್ಯ ಬ್ರಿಟನ್ ಬಿಟ್ಟುಹೋಗಿತ್ತು. ಉತ್ತರದಿಂದ ದಾಳಿ. ಅಲ್ಲಿನ ರಾಜ ಸಮುದ್ರದ ಆಚೆಯಿಂದ ಬಾಡಿಗೆ ಸಿಪಾಯಿಗಳನ್ನ ಕರೆಸಿದ. ಆಂಗಲ್‌ಗಳು, ಸ್ಯಾಕ್ಸನ್ನರು, ಜೂಟರು. ದಾಳಿಕೋರರನ್ನ ಓಡಿಸಿದರು, ಆಮೇಲೆ ತಾವೇ ಉಳಿದುಬಿಟ್ಟರು. ನಾನು ಕಲಿಸೋ ಇಂಗ್ಲಿಷ್ ಅವರ ಬಾಯಿಂದ ಬಂದದ್ದು. ಅಲ್ಲೇ ಹುಟ್ಟಿ ಬೆಳೆದವರನ್ನ ಪರದೇಶಿಗಳು ಅಂತ ಕರೆದರು. ವೆಲ್ಷ್ ಅನ್ನೋ ಹೆಸರು ಬಂದದ್ದೇ ಹಾಗೆ."

"ರಾಜ ಕೈಕಟ್ಟಿ ಕೂತನೋ?"

"ಸಂಧಿಯ ಊಟ ಅಂತ ಸೇರಿದರಂತೆ. ಅದು ದಂತಕಥೆ, ಪಕ್ಕಾ ಹಿಸ್ಟರಿ ಅಲ್ಲ. ಆಯುಧ ತರಬಾರದು ಅಂತ ಮಾತಾಗಿತ್ತು. ಅವರು ಬೂಟಿನೊಳಗೆ ಚಾಕು ಇಟ್ಕೊಂಡು ಬಂದು, ಪಕ್ಕದಲ್ಲಿ ಕೂತವನನ್ನೇ ತಿವಿದರು."

ಅಷ್ಟು ದೊಡ್ಡ ಚರಿತ್ರೆಯಲ್ಲಿ ಮೊಣ್ಣಯ್ಯನ ಕಿವಿಗೆ ಬಿದ್ದದ್ದು ಎರಡೇ ಸಂಗತಿ: ಊಟ ಮತ್ತು ಬೂಟು. ಫೌಜಿ ತಲೆ, ಏನು ಮಾಡೋಣ! ಬೂಟು ಹೊರಗೆ ಬಿಡಿಸಿದರಾಯಿತು ಎಂದುಕೊಂಡ.

ಕೊಡಗಿನವರಿಗೆ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತ, ಆಯುಧಗಳ ಹಬ್ಬ. ಮೊಣ್ಣಯ್ಯ ಕಪ್ಪು ನಿಲುವಂಗಿ ಕುಪ್ಯ ತೊಟ್ಟು, ದೀಪ ಹಚ್ಚಿ, ಗುಂಡಿಲ್ಲದ ಕೋವಿಯ ನಳಿಗೆಗೆ ತೋಕ್ ಹೂ ಸಿಕ್ಕಿಸಿದ. ಸೊಸೈಟಿಯ ಕಮಿಟಿಯವರನ್ನೂ ಜಗಬೀರನ ಕಡೆಯವರನ್ನೂ ಮಧ್ಯಾಹ್ನದ ಊಟಕ್ಕೆ ಕರೆದ. ಪೈಲ್ವಾನರು ಹಂದಿ ಮುಟ್ಟರೆಂದು ಅಕ್ಕಿಯುಂಡೆ ಕಡಂಬುಟ್ಟಿನ ಜೊತೆಗೆ ಕೋಳಿ ಸಾರು, ಬಸಪ್ಪನವರಿಗೆ ಬೇರೆ ಪಲ್ಯ, ಮಿಲಿಟರಿ ಕ್ಯಾಂಟೀನಿನ ರಮ್ಮು. ಬೂಟುಗಳೆಲ್ಲ ಬಾಗಿಲಾಚೆ ಉಳಿದವು. ಪೈಲ್ವಾನರ ಕಬ್ಬಿಣದ ಕಟ್ಟಿನ ಲಾಠಿಗಳು ದೀಪದ ಮುಂದೆ ಕೋವಿಯ ಪಕ್ಕ ಮಲಗಿದವು. ಮೊಣ್ಣಯ್ಯ ಅವಕ್ಕೂ ಗಂಧ ಹಚ್ಚಿದ.

ಕೈ ತೊಳೆದ ಮೇಲೆ ಜಗಬೀರನೆದುರು ಮಾತೆತ್ತಿದ. "ಬೇಟಾ, ಕೆಲಸ ಮುಗಿಯಿತು. ಪಂಪ್‌ಹೌಸಿನ ಬೀಗ ತೆಗೆದು ಊರಿಗೆ ಹೋಗಿ."

"ನಾಳೆಯೇ ಹೊರಟೆವು ತಾಊಜಿ," ಎಂದು ಜಗಬೀರ್ ಸ್ವಂತ ದೊಡ್ಡಪ್ಪನಿಗೆಂಬಂತೆ ಕಾಲುಮುಟ್ಟಿ ನಮಸ್ಕರಿಸಿದ. ಮೊಣ್ಣಯ್ಯನ ಎದೆ ಹಗುರಾಯಿತು. ನೇರ ದೀಪದ ಕಡೆಗೆ ನಡೆದ.

ನಿಶಿತಾ ತೋಳು ಹಿಡಿದಳು. "ಅಪ್ಪಾ, ಲಾಠಿ ಈಗ ಬೇಡ. ನಾಳೆ ಗೇಟಲ್ಲಿ ಕೊಡಿ. ಪ್ಲೀಸ್."

"ದೀಪದ ಮುಂದೆ ಇಟ್ಟದ್ದನ್ನ ಮನೆಯ ಹಿರಿಯ ಕೈಯಾರೆ ಎತ್ತಿಕೊಡಬೇಕು ಮಗಳೇ. ಹಾಗೆ ತಗೊಂಡವನು ಆ ಮನೇಲಿ ಕೈಯೆತ್ತೋದಿಲ್ಲ."

ಒಂದೊಂದಾಗಿ ಎತ್ತಿ, ಹರಸಿ, ಕೊಟ್ಟ. ಕೊನೆಯ ಲಾಠಿ ಜಗಬೀರನ ಕೈಸೇರಿತು. ಅವನು ಅದನ್ನು ಹಣೆಗೊತ್ತಿಕೊಂಡು, ತಿರುಗಿ, ಬಸಪ್ಪನವರ ತಲೆಗೆ ಬೀಸಿದ.

ಆಮೇಲೆ ನಡೆದದ್ದು ಹೊಡೆದಾಟವಲ್ಲ, ಒಂದೇ ಕಡೆಯ ಬಡಿತ. ಕಮಿಟಿಯವರು ಎಲೆಗಳ ಮೇಲೆಯೇ ಉರುಳಿದರು. ಒಬ್ಬರ ಮುಂಗೈ ತಿರುಚಿ ಹಿಂದಕ್ಕೆ ತೂಗಿತು. ಮೇಜಿನಡಿ ತೆವಳಿದವರನ್ನು ಕಾಲು ಹಿಡಿದೆಳೆದು ಬೆನ್ನಿಗೆ ಬಾರಿಸಿದರು. ಸಾರು ಯಾವುದು, ರಕ್ತ ಯಾವುದು ತಿಳಿಯದಂತೆ ನೆಲ ಕೆಂಪಾಯಿತು. ಬಿದ್ದ ಬಸಪ್ಪನವರ ಮೇಲೆ ಮತ್ತೆ ಮತ್ತೆ ಏಟು. ನಿಶಿತಾ ಅಡ್ಡ ಬಿದ್ದಳು. ಲಾಠಿ ಎತ್ತಿದವನ ಕೆನ್ನೆಗೆ ಜಗಬೀರನೇ ಹೊಡೆದ. "ಅಂಧಾ ಹೈ? ತಾಊ ಕೀ ಬೇಟೀ ಹೈ!"

ಮೊಣ್ಣಯ್ಯ ಕೋವಿಯನ್ನು ತಿರುಗಿಸಿ ಹಿಡಿದು, ಕೂಗುತ್ತ ನುಗ್ಗಿದ. ಜಗಬೀರ್ ಅದನ್ನು ಅವನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಹೂವು ಉದುರದಂತೆ, ದೀಪದ ಪಕ್ಕ ಒರಗಿಸಿದ.

"ನನ್ನನ್ನ ಹೊಡೆಯೋ! ಗಂಡಸಾದರೆ ನನ್ನನ್ನ ಹೊಡಿ!" ಮೊಣ್ಣಯ್ಯ ಅವನ ಎದೆ ಗುದ್ದಿದ, ಮುಖ ಪರಚಿದ.

"ಬೈಠೋ ತಾಊಜಿ. ಆಪ್ಕಾ ನಮಕ್ ಖಾಯಾ ಹೈ, ನಿಮ್ಮ ಉಪ್ಪು ತಿಂದಿದ್ದೇನೆ," ಎಂದ ಜಗಬೀರ್. ಹೆಗಲು ಒತ್ತಿ ಕುರ್ಚಿಯಲ್ಲಿ ಕೂರಿಸಿದ. ಅವನ ದನಿಯಲ್ಲಿ ನಿಜವಾದ ಗೌರವವಿತ್ತು. ಆ ಗೌರವದಷ್ಟು ಹೊಲಸನ್ನು ಮೊಣ್ಣಯ್ಯ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಸಂಜೆ ಆಸ್ಪತ್ರೆಯಲ್ಲಿ ಡಾಕ್ಟರು ಹೊರಬಂದು ತಲೆಯಾಡಿಸಿದರು. ಬಸಪ್ಪನವರು ಹೋಗಿದ್ದರು. ಮೊಣ್ಣಯ್ಯ ಬೆಂಚಿನತ್ತ ನಡೆದು ಶಾಂತಮ್ಮನವರ ಮುಂದೆ ನೆಲದ ಮೇಲೆ ಕೂತ. ಅವರು ಅಳುತ್ತಿರಲಿಲ್ಲ. ಅವನನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದರು.

"ನಿಮಗೆಲ್ಲಿ ಪೆಟ್ಟಾಗೇದ ಸುಬೇದಾರ್ರೇ?"

ಮೊಣ್ಣಯ್ಯ ತನ್ನ ಕೈಗಳನ್ನು ಮಗುಚಿ ನೋಡಿಕೊಂಡ. ಕುಪ್ಯದ ತೋಳು ಸರಿಸಿದ. ಹಣೆ, ಕತ್ತು ಸವರಿಕೊಂಡ.

"ಎಲ್ಲೂ ಇಲ್ಲಮ್ಮಾ," ಎಂದ.